ಎಡಗಿವಿಗೆ ಬಾರದ ಕ್ಲಾರಿನೆಟ್

ಏಪ್ರಿಲ್ ಆರು, ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ ಸಂಗೀತ ಗ್ರಂಥಾಲಯದ ಕಾರ್ಯದರ್ಶಿ ಠಾಣೆಗೆ ಬಂದರು. ಕೈಯಲ್ಲಿ ಎರಡು ಪುಟದ ದೂರು, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಗ್ರಾಮಫೋನ್ ತಟ್ಟೆ.

ದೂರಿನ ಸಾರಾಂಶ ಇಷ್ಟು. ಗ್ರಂಥಾಲಯದ ಬೀರುವಿನಲ್ಲಿ ಹೆಸರಾಂತ ಗಾಯಕಿಯೊಬ್ಬರ ತಟ್ಟೆಯಿತ್ತು. ಅರವತ್ತೆರಡನೇ ಇಸವಿಯದು, ಮೊದಲ ಅಚ್ಚು. ಈಗ ಕಣ್ಣಿಗೆ ಬೀಳುವುದೇ ಅಪರೂಪ. ಅದನ್ನು ಯಾರೋ ಕದ್ದು, ಅದೇ ಹಾಡುಗಳ ಬೇರೆ ತಟ್ಟೆಯನ್ನು ಆ ಜಾಗದಲ್ಲಿ ಇಟ್ಟಿದ್ದಾರೆ. ಹಳೆಯ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಲು ಬಂದಿದ್ದ ತಂತ್ರಜ್ಞ ಶುಕ್ರವಾರ ಇದನ್ನು ಕಂಡುಹಿಡಿದ. ಮೊದಲ ಅಚ್ಚು ಮೋನೊ. ಎಡಕ್ಕೂ ಬಲಕ್ಕೂ ಒಂದೇ ದನಿ ಬರಬೇಕು. ಈ ತಟ್ಟೆಯಲ್ಲಿ ಎಡಕ್ಕೊಂದು, ಬಲಕ್ಕೊಂದು. ಅಂದರೆ ಸ್ಟೀರಿಯೋ.

ಅನುಮಾನ ಯಾರ ಮೇಲೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಕಾರ್ಯದರ್ಶಿ ಎರಡನೇ ಪುಟ ತಿರುಗಿಸಿ ತೋರಿಸಿದರು. ಬೀರುವಿನ ಕೀಲಿ ಇರುವುದು ಒಬ್ಬಳ ಹತ್ತಿರ, ಎಲ್ಲರೂ ಅಕ್ಕ ಎಂದು ಕರೆಯುವ ಉಗ್ರಾಣದ ಹೆಂಗಸಿನ ಹತ್ತಿರ. ಅವಳನ್ನು ಆಗಲೇ ಅಮಾನತು ಮಾಡಿ ಮನೆಗೆ ಕಳಿಸಿದ್ದರು.

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಬರೆದವನು ಹೆಡ್ ಕಾನ್‌ಸ್ಟೇಬಲ್. ಅವನಿಗೆ ಠಾಣೆಯಲ್ಲಿ ಆಮೆ ಎಂದು ಹೆಸರು. ಒಂದು ಸಾಲು ಬರೆಯುವುದರೊಳಗೆ ಚಹಾ ಆರಿಹೋಗುತ್ತಿತ್ತು. ಆದರೆ ಅವನು ಬರೆದದ್ದನ್ನು ಯಾವ ವಕೀಲನೂ ಈವರೆಗೆ ಅಲ್ಲಾಡಿಸಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಗ್ರಂಥಾಲಯದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಉದ್ದನೆಯ ಕೋಣೆ, ಒಂದು ಗೋಡೆಗೆ ಆರು ಕಬ್ಬಿಣದ ಬೀರು, ಇನ್ನೊಂದು ಗೋಡೆಗೆ ನಾಲ್ಕು ಮೇಜು. ಮೇಜಿಗೊಂದು ಪ್ಲೇಯರ್, ಒಂದು ಹೆಡ್‌ಫೋನ್. ಬೀಗ ಒಡೆದ ಗುರುತಿಲ್ಲ, ಕಿಟಕಿಯ ಸರಳು ಬಾಗಿಲ್ಲ. ಕದ್ದವನು ಕೀಲಿಯಿಂದಲೇ ತೆಗೆದಿದ್ದಾನೆ. ಆಮೆ ಅದನ್ನು ಬರೆದುಕೊಂಡು ಕಾರ್ಯದರ್ಶಿಯ ಮುಖ ನೋಡಿದ. ಅವರು ನಾನು ಹೇಳಲಿಲ್ಲವೇ ಎನ್ನುವ ಹಾಗೆ ತಲೆಯಾಡಿಸಿದರು.

ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರೂ ಆಮೆಯೂ ಅಕ್ಕನ ಮನೆಗೆ ಹೋದರು. ಒಂದು ಕೋಣೆ, ಒಂದು ಅಡುಗೆಮನೆ. ಕೂರಲು ಇದ್ದ ಒಂದೇ ಕುರ್ಚಿಯನ್ನು ಅವಳು ಸೆರಗಿನಿಂದ ಒರೆಸಿ ಇನ್ಸ್‌ಪೆಕ್ಟರ್‌ಗೆ ಕೊಟ್ಟಳು, ತಾನು ನಿಂತಳು. ಮನೆ ಹುಡುಕಲು ಒಪ್ಪಿಗೆಯೇ ಎಂದರೆ, ಕೇಳಬೇಕೇ ಎಂದಳು. ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಏನೂ ಸಿಗಲಿಲ್ಲ.

ಈ ತಿಂಗಳ ಮೂವತ್ತಕ್ಕೆ ಅವಳ ನಿವೃತ್ತಿ. ತನಿಖೆ ಮುಗಿಯದೆ ಹೋದರೆ ಕಳ್ಳತನದ ಆಪಾದನೆ ಹೊತ್ತುಕೊಂಡೇ ಮನೆಗೆ ಹೋಗಬೇಕು. ಅವಳು ಅಳಲಿಲ್ಲ. ಬಾಗಿಲವರೆಗೂ ಬಂದು ಒಂದೇ ಮಾತು ಹೇಳಿದಳು.

"ಇಪ್ಪತ್ತೆಂಟು ವರ್ಷ ಆ ತಟ್ಟೆಗಳ ಧೂಳು ಒರೆಸಿದೀನಿ ಮೇಡಂ. ಹೋಗೋವಾಗ ನನ್ನ ಮೇಲೆ ಕೂತಿರೋ ಧೂಳನ್ನ ಯಾರು ಒರೆಸ್ತಾರೆ?"

ಇನ್ಸ್‌ಪೆಕ್ಟರ್ ಜೀಪಿನಲ್ಲಿ ಕೂತ ಮೇಲೆ, ಮೂವತ್ತರೊಳಗೆ ಈ ಕೇಸು ಮುಗಿಯಬೇಕು ಎಂದಷ್ಟೇ ಆಮೆಗೆ ಹೇಳಿದರು.

ಏಪ್ರಿಲ್ ಎಂಟು, ಬುಧವಾರ. ತಟ್ಟೆಯ ಜಾತಕ ಬಲ್ಲವರು ಬೇಕಿತ್ತು. ಪತ್ತೆಯಾದದ್ದು ಒಬ್ಬ ತಾತ. ತಟ್ಟೆ ಅಚ್ಚು ಹಾಕುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವನು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ವಯಸ್ಸು ಎಂಬತ್ತು ದಾಟಿತ್ತು, ಓದು ಬರಹ ಇರಲಿಲ್ಲ. ಓದಲು ಬಾರದೆ ವರ್ಷ ಹೇಗೆ ಹೇಳುತ್ತೀರಿ ಎಂದು ಆಮೆ ಕೇಳಿದ್ದಕ್ಕೆ, ಹಸುವಿನ ವಯಸ್ಸು ಹೇಳಲು ಅದರ ಹೆಸರು ಓದಬೇಕೇ ಎಂದು ತಾತ ತಿರುಗಿ ಕೇಳಿದ.

ತಾತ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನಡುವಿನ ಲೇಬಲ್ ಹಸಿರು, ಮೇಲೆ ಬೆಳ್ಳಿ ಅಕ್ಷರ. ಹಸಿರು ಲೇಬಲ್ ಅಂದರೆ ಅರವತ್ತೇಳಕ್ಕಿಂತ ಮುಂಚಿನದು ಎಂದ. ಆಗ ಕಂಪನಿಯಲ್ಲಿ ಮೋನೊ ಬಿಟ್ಟು ಬೇರೆ ಇರಲಿಲ್ಲ. ಅರವತ್ತೇಳರಲ್ಲಿ ಸ್ಟೀರಿಯೋ ಬಂತು. ಲೇಬಲ್ ಕೆಂಪಾಯಿತು, ಯಂತ್ರವೂ ಬದಲಾಯಿತು. ಹಳೆಯ ಯಂತ್ರ ಲೇಬಲ್ಲಿನ ಮೇಲೆ ಬಳೆಯಷ್ಟು ಅಗಲದ ಒಂದು ದುಂಡನೆಯ ತಗ್ಗು ಒತ್ತುತ್ತಿತ್ತು. ಹೊಸದು ಒತ್ತುತ್ತಿರಲಿಲ್ಲ.

ತಾತ ಕಣ್ಣು ಮುಚ್ಚಿ ಹೆಬ್ಬೆರಳನ್ನು ಲೇಬಲ್ಲಿನ ಮೇಲೆ ಒಂದು ಸುತ್ತು ಆಡಿಸಿದ. ಇನ್ನೊಂದು ಸುತ್ತು ಆಡಿಸಿದ. ತಗ್ಗು ಸಿಗಲಿಲ್ಲ. ಆಮೇಲೆ ಉಗುರಿನಿಂದ ಅಂಚನ್ನು ಕೆದಕಿದ.

"ಬಟ್ಟೆ ಹಸಿರು, ಮೈ ಕೆಂಪು ತಾಯಿ," ಎಂದ. "ನಾವು ಲೇಬಲ್ ಅಂಟಿಸ್ತಾನೇ ಇರ್ಲಿಲ್ಲ. ಕಾದ ತಟ್ಟೆಗೆ ಹಾಗೇ ಒತ್ತೋದು. ಸಾಯೋವರೆಗೂ ಏಳಲ್ಲ. ಇದು ಗೋಂದು ಹಚ್ಚಿರೋದು."

ಪಂಚರ ಎದುರು ಅಂಚನ್ನು ಒಂದು ಚೂರು ಎತ್ತಿದರು. ಕೆಳಗೆ ಕೆಂಪು ಕಾಗದ ಕಾಣಿಸಿತು. ಆ ಹೊತ್ತಿಗೆ ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಆಮೆ ಬರೆದುಕೊಂಡ.

ತಾತ ಇನ್ನೂ ತಟ್ಟೆ ಕೆಳಗಿಟ್ಟಿರಲಿಲ್ಲ. ಲೇಬಲ್ಲಿನ ಕೊನೆಯ ಸಾಲನ್ನು ಬೆರಳಿನಿಂದ ತೋರಿಸಿದ. ಅದು ಪಕ್ಕವಾದ್ಯದವರ ಸಾಲು. ಮೂಲದಲ್ಲಿ ಅದು ಇರುವೆ ಹರಿದ ಹಾಗೆ ಸಣ್ಣಗೆ ಇರುತ್ತಿತ್ತು. ಇಲ್ಲಿ ಇರುವೆ ಹೋಗಿ ಕಟ್ಟಿರುವೆ ಆಗಿದೆ ಎಂದ. ಕೆಂಪು ಲೇಬಲ್ಲಿನಲ್ಲಂತೂ ಆ ಸಾಲೇ ಇಲ್ಲ. ಯಾಕಿಲ್ಲ ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಸ್ಟೀರಿಯೋ ಅಂತ ದಪ್ಪಗೆ ಬರೀಬೇಕಿತ್ತಲ್ಲ, ಜಾಗ ಸಾಲಲಿಲ್ಲ. ಜಾಗ ಸಾಲದಿದ್ರೆ ಮೊದಲು ಬೀಳೋದು ಬಡವನ ಹೆಸರೇ."

ಹಾಗಾದರೆ ಕಳ್ಳ ಕೆಂಪು ಲೇಬಲ್ಲಿನ ಸ್ಟೀರಿಯೋ ತಟ್ಟೆ ತಂದು, ಹಸಿರು ಲೇಬಲ್ಲಿನ ನಕಲು ಮಾಡಿ ಅಂಟಿಸಿದ್ದಾನೆ. ಏನು ಎಂಬುದು ತಿಳಿಯಿತು. ಯಾವಾಗ ಎಂಬುದು ತಿಳಿಯಬೇಕು. ಕೀಲಿ ಇಪ್ಪತ್ತೆಂಟು ವರ್ಷ ಅಕ್ಕನ ಸೊಂಟದಲ್ಲಿತ್ತು. ದಿನ ಗೊತ್ತಾಗದೆ ಅವಳನ್ನು ಆಪಾದನೆಯಿಂದ ಬಿಡಿಸುವುದು ಸಾಧ್ಯವಿರಲಿಲ್ಲ.

ಅಂದು ಮಧ್ಯಾಹ್ನ ಇನ್ಸ್‌ಪೆಕ್ಟರ್ ಗ್ರಂಥಾಲಯದ ಖಾಲಿ ಮೇಜಿನ ಮುಂದೆ ಕೂತು ಆ ನಕಲಿ ತಟ್ಟೆಯನ್ನು ಹೆಡ್‌ಫೋನ್ ಹಾಕಿ ಕೇಳಿದರು. ಗಾಯಕಿಯ ದನಿ ನಡುವೆ ಬಂತು. ಕ್ಲಾರಿನೆಟ್ ಮಾತ್ರ ಬಲಗಿವಿಯಲ್ಲೇ ಉಳಿಯಿತು, ಎಡಕ್ಕೆ ಬರಲೇ ಇಲ್ಲ. ಅವರು ಹೆಡ್‌ಫೋನ್ ತೆಗೆದು ಆಮೆಯ ಕಿವಿಗೆ ಹಾಕಿದರು. ಆಮೆಯೂ ಕೇಳಿದ. ಇದನ್ನು ವಾರ ವಾರ ಕೇಳುವವರು ಯಾರಾದರೂ ಇದ್ದರೆ ಬದಲಾದದ್ದು ಅವರಿಗೆ ತಿಳಿಯದೆ ಇರುತ್ತದೆಯೇ ಎಂದು ಅವರು ಕೇಳಿದರು. ಆಮೆ ಎದ್ದು ಹೋಗಿ ಶ್ರೋತೃಗಳ ಪುಸ್ತಕ ತಂದ. ಯಾರು ಯಾವ ತಟ್ಟೆ ಕೇಳಿದರು, ಕೊನೆಯ ಕಾಲಂನಲ್ಲಿ ಅಭಿಪ್ರಾಯ ಏನು, ಎಲ್ಲವೂ ಅದರಲ್ಲಿತ್ತು. ಈ ಕೆಲಸ ಆಮೆಗೆ ಹೇಳಿ ಮಾಡಿಸಿದ್ದು. ಬೆರಳಿಟ್ಟು ಒಂದೊಂದೇ ಸಾಲು ಇಳಿದ.

ಆ ತಟ್ಟೆಯನ್ನು ಪ್ರತಿ ಬುಧವಾರ ತಪ್ಪದೆ ಕೇಳುತ್ತಿದ್ದವರು ಒಬ್ಬರೇ, ನಿವೃತ್ತ ಪೋಸ್ಟ್ ಮಾಸ್ಟರ್. ಮಾರ್ಚ್ ನಾಲ್ಕು, ಬುಧವಾರ: 'ಕೇಳಿದೆ. ಸೊಗಸು.' ಮಾರ್ಚ್ ಹನ್ನೊಂದು, ಬುಧವಾರ: 'ಎಡಗಿವಿಗೆ ಕ್ಲಾರಿನೆಟ್ ಬರುತ್ತಿಲ್ಲ. ಹೆಡ್‌ಫೋನ್ ಕೆಟ್ಟಿದೆ, ಸರಿಪಡಿಸಿ.' ಹದಿನೆಂಟಕ್ಕೆ: 'ಹೆಡ್‌ಫೋನ್ ಬದಲಿಸಿದರೂ ಅದೇ ಕತೆ.' ಇಪ್ಪತ್ತೈದಕ್ಕೆ: 'ಮೂರನೇ ಹೆಡ್‌ಫೋನ್. ಈಗ ನನ್ನ ಕಿವಿಯನ್ನೇ ಡಾಕ್ಟರಿಗೆ ತೋರಿಸಿ ಬಂದೆ. ಕಿವಿ ಸರಿಯಿದೆ.'

ಇನ್ಸ್‌ಪೆಕ್ಟರ್ ನಕ್ಕರು. ಈ ಕೇಸಿನಲ್ಲಿ ಅವರು ನಕ್ಕದ್ದು ಅದೇ ಮೊದಲು.

ತಟ್ಟೆ ಬದಲಾದದ್ದು ಮಾರ್ಚ್ ನಾಲ್ಕರ ನಂತರ, ಹನ್ನೊಂದರ ಒಳಗೆ. ಹಾಜರಿ ಪುಸ್ತಕ ತರಿಸಿದರು. ಮಾರ್ಚ್ ಐದರಿಂದ ಹದಿನಾಲ್ಕರವರೆಗೆ ಅಕ್ಕ ರಜೆಯಲ್ಲಿದ್ದಳು. ತಂಗಿಗೆ ಆಪರೇಷನ್ ಆಗಿತ್ತು. ಆಸ್ಪತ್ರೆಯ ದಾಖಲೆ ನೋಡಿದರು. ಹತ್ತು ದಿನವೂ ಜೊತೆಗಿದ್ದವರ ಕಾಲಂನಲ್ಲಿ ಅವಳ ಸಹಿಯಿತ್ತು.

ಆ ಹತ್ತು ದಿನ ಕೀಲಿ ಯಾರ ಹತ್ತಿರ ಇತ್ತು? ಏಪ್ರಿಲ್ ಒಂಬತ್ತು, ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ಇದನ್ನು ಕಾರ್ಯದರ್ಶಿಗೆ ಕೇಳಿದರು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನನ್ನ ಹತ್ರ," ಎಂದರು.

"ದೂರಿನಲ್ಲಿ ಬರೆದಿಲ್ಲ."

"ಮರೆತುಹೋಗಿತ್ತು."

"ಕೀಲಿ ಬೇರೆ ಯಾರಿಗಾದ್ರೂ ಕೊಟ್ರಾ?"

"ಇಲ್ಲ. ಪ್ಲೇಯರ್ ರಿಪೇರಿಯವನು ಬಂದಿದ್ದ, ಅವನು ಮನೆಯವನ ಹಾಗೆ. ಮುಳ್ಳು ಪರೀಕ್ಷೆ ಮಾಡೋಕೆ ಒಂದು ತಟ್ಟೆ ಬೇಕು ಅಂದ. ಕೀಲಿ ಕೊಟ್ಟು ಮೀಟಿಂಗ್‌ಗೆ ಹೋದೆ."

ಗೇಟಿನ ಪುಸ್ತಕದಲ್ಲಿ ಪ್ಲೇಯರ್ ರಿಪೇರಿಯವನ ಹೆಸರಿತ್ತು. ಮಾರ್ಚ್ ಒಂಬತ್ತು, ಸೋಮವಾರ. ಒಳಗೆ ಹತ್ತು ಇಪ್ಪತ್ತು, ಹೊರಗೆ ಹನ್ನೆರಡು ಐವತ್ತು. ಕೈಯಲ್ಲಿ ಚಪ್ಪಟೆ ಚೀಲ. ಅವನು ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ಹಿಂದಿನ ಸಲ ಬಂದದ್ದು ಡಿಸೆಂಬರಿನಲ್ಲಿ. ಇನ್ಸ್‌ಪೆಕ್ಟರ್ ಅವನ ರಸೀದಿ ತರಿಸಿದರು. ಆಮೆ ಅದನ್ನು ಓದಿ, ಮತ್ತೆ ಓದಿ, ಜಪ್ತಿ ಮಾಡಿದ ತಟ್ಟೆಯ ಲೇಬಲ್ ಪಕ್ಕದಲ್ಲಿಟ್ಟ. ಎಲ್ಲರೂ ತಂದೆಯ ಹೆಸರನ್ನು ಒಂದೇ ಅಕ್ಷರದಲ್ಲಿ ಮುಗಿಸುತ್ತಾರೆ. ಈ ಮನುಷ್ಯ ಸಹಿಯಲ್ಲಿ ತಂದೆಯ ಹೆಸರನ್ನು ಪೂರ್ತಿ ಬರೆದಿದ್ದ.

"ಮೇಡಂ, ಕಟ್ಟಿರುವೆ," ಎಂದ ಆಮೆ.

ಲೇಬಲ್ಲಿನ ಕೊನೆಯ ಸಾಲಿನಲ್ಲಿದ್ದ ಕ್ಲಾರಿನೆಟ್‌ನವನ ಹೆಸರೂ ರಸೀದಿಯಲ್ಲಿದ್ದ ತಂದೆಯ ಹೆಸರೂ ಒಂದೇ.

ಅಂದೇ ಮಧ್ಯಾಹ್ನ ಒಂದೂವರೆಗೆ ರಿಪೇರಿಯವನ ಕಾರ್ಯಾಗಾರಕ್ಕೆ ಹೋದರು. ಮನೆಯ ಹಿಂಬದಿಯ ತಗಡಿನ ಕೋಣೆ. ಮೊಳೆಗೆ ನೇತುಹಾಕಿದ ರಬ್ಬರ್ ಬೆಲ್ಟುಗಳು, ಬೆಸುಗೆಯ ವಾಸನೆ, ಡಬ್ಬಿ ಡಬ್ಬಿಯಲ್ಲಿ ಸ್ಕ್ರೂ. ಐವತ್ತೆಂಟು ದಾಟಿದ ತೆಳ್ಳನೆಯ ಮನುಷ್ಯ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದ. ಪೊಲೀಸರನ್ನು ನೋಡಿ ಭೂತಗನ್ನಡಿ ತೆಗೆದ. ತಾನು ತಟ್ಟೆ ಮುಟ್ಟಿದ್ದು ಮುಳ್ಳು ಪರೀಕ್ಷೆಗೆ ಮಾತ್ರ ಎಂದ. ಯಾವ ತಟ್ಟೆ ಎಂದರೆ ನೆನಪಿಲ್ಲ ಎಂದ.

ಇನ್ಸ್‌ಪೆಕ್ಟರ್ ವಾದಕ್ಕೆ ಇಳಿಯಲಿಲ್ಲ. ನಕಲಿ ತಟ್ಟೆಯನ್ನು ಅವನ ಮೇಜಿನ ಮೇಲೆ ಇಟ್ಟರು.

"ಬಣ್ಣ ಸರಿ ಹೊಂದಿಸಿದ್ದೀರಿ. ಬೆಳ್ಳಿ ಅಕ್ಷರ ಸರಿ ಬಂದಿದೆ. ಎಲ್ಲಾ ಸಾಲೂ ಇದ್ದ ಹಾಗೇ ಇದೆ. ಕೊನೇದು ಮಾತ್ರ ಯಾಕೆ ದೊಡ್ಡದು ಮಾಡಿದ್ರಿ?"

ಅವನು ಲೇಬಲ್ ನೋಡಿದ.

"ದೊಡ್ಡದಾಗಿದೆಯಾ?" ಎಂದ. ಆಮೇಲೆ, "ಗೊತ್ತೇ ಆಗ್ಲಿಲ್ಲ. ಕೈ ಹಾಗೇ ಹೋಗಿರ್ಬೇಕು."

"ನಿಮ್ಮಪ್ಪನ ಹೆಸರು ಉಳಿಸ್ಕೊಳ್ಳೋಕೆ ಹೋಗಿ ಆ ಅಕ್ಕನ ಹೆಸರು ಕಳೆದ್ರಲ್ಲ. ಅವಳನ್ನ ಕೆಲಸದಿಂದ ಇಳಿಸಿದ್ದಾರೆ. ಕಳ್ಳಿ ಅಂತಿದ್ದಾರೆ."

ಅದು ಅವನಿಗೆ ತಿಳಿದಿರಲಿಲ್ಲ. ನಾನು ಹೋದಾಗಲೆಲ್ಲ ಅವಳು ನೀರು ಕೊಡುತ್ತಿದ್ದಳು ಎಂದ. ಎದ್ದು ಹೋಗಿ ಕೆಳಗಿನ ಖಾನೆ ಎಳೆದ. ಎರಡು ಗಾಜಿನ ಹಲಗೆಗಳ ನಡುವೆ ಹಸಿರು ಲೇಬಲ್ಲಿನ ತಟ್ಟೆ ಇತ್ತು. ಬಳೆಯಗಲದ ತಗ್ಗು ಇತ್ತು. ಇರುವೆ ಸಾಲೂ ಇತ್ತು. ಮಧ್ಯಾಹ್ನ ಎರಡು ಹತ್ತಕ್ಕೆ ಜಪ್ತಿ ಪಂಚನಾಮೆ ಬರೆದರು.

ನಾಲ್ಕು ಗಂಟೆಗೆ ಗ್ರಂಥಾಲಯದಲ್ಲಿ ಗುರುತು ಹಿಡಿಯುವ ಪಂಚನಾಮೆ. ಇನ್ಸ್‌ಪೆಕ್ಟರ್ ಜೀಪು ಕಳಿಸಿ ಅಕ್ಕನನ್ನು ಕರೆಸಿದರು. ತಾತ ಬಂದ, ಪೋಸ್ಟ್ ಮಾಸ್ಟರೂ ಬಂದರು. ಸಿಬ್ಬಂದಿಯೆಲ್ಲ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತರು. ತಾತ ಹೆಬ್ಬೆರಳು ಆಡಿಸಿ, ಅರವತ್ತೆರಡು, ಮೋನೊ, ಅಸಲು ಎಂದು ಹೇಳಿದ. ತಟ್ಟೆ ಹಾಕಲು ಕಾರ್ಯದರ್ಶಿ ಕೈ ಚಾಚಿದಾಗ ಇನ್ಸ್‌ಪೆಕ್ಟರ್ ತಡೆದು, ಅಕ್ಕ ಹಾಕಲಿ ಎಂದರು. ಅವಳು ಕೈ ತೊಳೆದು ಬಂದು, ಅಂಚಿನಲ್ಲಿ ಮಾತ್ರ ಹಿಡಿದು ಹಾಕಿದಳು. ಪೋಸ್ಟ್ ಮಾಸ್ಟರ್ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿ ಕೂತರು. ಅರ್ಧ ಹಾಡು ಆಗುವವರೆಗೂ ಯಾರೂ ಕೆಮ್ಮಲಿಲ್ಲ.

"ಬಂತು," ಎಂದರು ಪೋಸ್ಟ್ ಮಾಸ್ಟರ್. "ಎರಡೂ ಕಿವಿಗೆ ಬಂತು."

ಬಾಗಿಲಲ್ಲಿ ನಿಂತವರು ಚಪ್ಪಾಳೆ ಹೊಡೆದರು. ಪಂಚನಾಮೆಯಲ್ಲಿ ಚಪ್ಪಾಳೆ ಬರೆಯುವ ಪದ್ಧತಿ ಇಲ್ಲ. ಆಮೆ ಬರೆಯಲಿಲ್ಲ, ಆದರೆ ಪೆನ್ನು ಕೆಳಗಿಟ್ಟು ತಾನೂ ಹೊಡೆದ. ಇನ್ಸ್‌ಪೆಕ್ಟರ್ ಕಾರ್ಯದರ್ಶಿಯತ್ತ ತಿರುಗಿ, ಹತ್ತು ದಿನ ಕೀಲಿ ತಮ್ಮ ಹತ್ತಿರ ಇತ್ತು ಎಂದು ಎಲ್ಲರ ಮುಂದೆ ಹೇಳಿಕೆ ಕೊಡಿ ಎಂದರು. ಅವರು ಕೊಟ್ಟರು. ಅಮಾನತು ರದ್ದಾದ ಕಾಗದಕ್ಕೆ ಅಲ್ಲಿಯೇ ಸಹಿ ಬಿತ್ತು. ಅಕ್ಕ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಒಂದನೇ ಬೀರುವಿನ ಹತ್ತಿರ ಹೋಗಿ, ಇಲ್ಲಿ ಮೂರು ದಿನದಿಂದ ಯಾರೂ ಧೂಳು ಹೊಡೆದಿಲ್ಲ ಎಂದು ಎಲ್ಲರನ್ನೂ ಗದರಿಸಿದಳು. ಯಾರಿಗೂ ಬೇಸರವಾಗಲಿಲ್ಲ.

ಸಂಜೆ ಆರಕ್ಕೆ ಠಾಣೆಯಲ್ಲಿ ಆರೋಪಿ ಹೇಳಿಕೆ ಕೊಟ್ಟ. ಅವನಿಗೆ ಆರು ತುಂಬುವ ಮೊದಲೇ ಮನೆಯಲ್ಲಿದ್ದ ಹಸಿರು ತಟ್ಟೆ ಒಡೆದಿತ್ತು. ಶಾಲೆಯಲ್ಲಿ, ನಮ್ಮಪ್ಪನ ಹೆಸರು ತಟ್ಟೆಯ ಮೇಲಿದೆ ಎಂದು ಹೇಳಿಕೊಂಡಿದ್ದ. ಹುಡುಗರು ಅವನನ್ನು ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯಲ್ಲಿದ್ದದ್ದು ಕೆಂಪು ಲೇಬಲ್. ಹೆಸರಿರಲಿಲ್ಲ. ಶಾಲೆ ಬಿಡುವವರೆಗೂ ಅವನಿಗೆ ಸುಳ್ಳ ಎಂದೇ ಹೆಸರು ಉಳಿಯಿತು. ಅಪ್ಪನನ್ನು ಕೇಳಿದರೆ ಅಪ್ಪ ಕ್ಲಾರಿನೆಟ್ ಒರೆಸುತ್ತ ಕೂತಿದ್ದ. ಡಿಸೆಂಬರಿನಲ್ಲಿ ಗ್ರಂಥಾಲಯದ ಬೀರುವಿನಲ್ಲಿ ಹಸಿರು ಲೇಬಲ್ ಕಂಡಾಗ ಮೊದಲು ಫೋಟೋ ತೆಗೆದುಕೊಂಡ. ಫೋಟೋ ಸಾಕಿತ್ತಲ್ಲ ಎಂದು ಇನ್ಸ್‌ಪೆಕ್ಟರ್ ಕೇಳಿದರು. ನಾಲ್ಕು ದಿನ ಸಾಕೆನಿಸಿತ್ತು ಎಂದ.

ಆಮೆ ಬಂಧನದ ನಮೂನೆ ಎಳೆದುಕೊಂಡ. ಹೆಸರು ಕೇಳಿ ಬರೆದ. ಮುಂದಿನ ಕಾಲಂಗೆ ಬಂದು ತಲೆಯೆತ್ತಿದ.

"ತಂದೆಯ ಹೆಸರು?"

ಆರೋಪಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಒಂದೊಂದು ಅಕ್ಷರವೂ ಕೇಳುವ ಹಾಗೆ ಹೇಳಿದ. ಆಮೆ ಎಂದಿನಂತೆ ನಿಧಾನವಾಗಿ ಬರೆದ. ಬರೆದು ಮುಗಿಸಿ, ಯಾರೂ ಕೇಳದಿದ್ದರೂ, ಕಾಗದವನ್ನು ಅವನ ಕಡೆಗೆ ತಿರುಗಿಸಿದ. ಅವನು ಓದಿದ, ಸರಿಯಿದೆ ಎಂದ, ಕೆಳಗೆ ಸಹಿ ಹಾಕಿದ. ಆಗ ಸಂಜೆ ಆರು ನಲವತ್ತು.