ಗಾಳಿ ತುಂಬುವವಳು

ಹಕ್ಕಿಗಳ ಹಾಡಿನ ಪಂದ್ಯದಲ್ಲಿ ಅಬಾ ತಾರ್ಯನ ಹಕ್ಕಿ ಬಹುಮಾನದ ಮೋಟಾರು ಬೈಕು ಗೆದ್ದಾಗ, ಇನ್ನು ತನ್ನ ಕಷ್ಟ ಮುಗಿಯಿತೆಂದು ಇಮಾಸ್ ನಂಬಿದ್ದಳು. ಬೈಕು ಮಾರಿ ಗಾಳಿ ತುಂಬುವ ಯಂತ್ರ ತರುತ್ತೇನೆಂದು ಅವನೇ ಎಲ್ಲರೆದುರು ಹೇಳಿದ್ದ. ಬೈಕು ಮಾರಿದ. ಮನೆಗೆ ಬಂದದ್ದು ಮಾತ್ರ ತೇಗದ ಕಂಬಿಗಳ ಹೊಸ ಪಂಜರ, ಮೇಲೊಂದು ಕೆತ್ತನೆಯ ಕಿರೀಟ.

"ಯಂತ್ರ ಮುಂದಿನ ಸಲ, ಮಗಳೇ. ಪಂಗೇರನ್ ಇನ್ನೊಂದು ಪಂದ್ಯ ಗೆಲ್ಲಲಿ, ನೋಡು," ಎಂದ. ಪಂಗೇರನ್ ಎಂದರೆ ರಾಜಕುಮಾರ. ಅದು ಹಕ್ಕಿಯ ಹೆಸರು.

"ಆಗಲಿ ಅಬಾ," ಎಂದು ಇಮಾಸ್ ಮತ್ತೆ ಪಂಪಿನ ಮೇಲೆ ಹತ್ತಿ ನಿಂತಳು. ಯಜಮಾನನಾದ ಅವನನ್ನು ಊರವರೆಲ್ಲ ಅಬಾ, ಅಂದರೆ ಅಪ್ಪ, ಎಂದೇ ಕರೆಯುತ್ತಿದ್ದರು.

ಆ ಊರಿನಲ್ಲಿ ಮನೆಮನೆಯಲ್ಲೂ ಗಾಳಿಬಂದೂಕು ತಯಾರಾಗುತ್ತಿತ್ತು. ಒಂದು ಮನೆಯಲ್ಲಿ ನಳಿಕೆ ಕೊರೆದರೆ ಇನ್ನೊಂದರಲ್ಲಿ ಮರದ ಹಿಡಿ ಕೆತ್ತುತ್ತಿದ್ದರು. ಎಲ್ಲವೂ ತಾರ್ಯನ ಶೆಡ್ಡಿಗೆ ಬಂದು ಜೋಡಣೆಯಾಗಿ, ಕೊನೆಗೆ ಇಮಾಸಳ ಕೈಗೆ ಬರುತ್ತಿತ್ತು. ನಳಿಕೆಯ ಕೆಳಗಿನ ಉಕ್ಕಿನ ಟ್ಯಾಂಕಿಗೆ ಕೈಪಂಪಿನಿಂದ ಗಾಳಿ ತುಂಬುವುದು, ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ನೋಡುವುದು, ಹಲಗೆಗೆ ಗುರಿಯಿಟ್ಟು ಹೊಡೆದು ನೋಡುವುದು ಅವಳ ಕೆಲಸ. ಗಂಡ ಸತ್ತ ಮೇಲೆ ತಾರ್ಯ ಇದನ್ನು ಉಪಕಾರ ಮಾಡಿದಂತೆ ಕೊಟ್ಟಿದ್ದ.

ಪಂಪು ಮೊದಮೊದಲು ಹಗುರ. ಒತ್ತಡ ತೋರಿಸುವ ಮುಳ್ಳು ಮೇಲೇರಿದ ಹಾಗೆ ಅದು ಮೊಂಡಾಗುತ್ತದೆ. ಆಮೇಲೆ ತೋಳಿನ ಬಲ ಸಾಲದು, ಇಡೀ ಮೈಯನ್ನೇ ಹಿಡಿಯ ಮೇಲೆ ಹೇರಬೇಕು. ನಡುನಡುವೆ ನಿಲ್ಲಿಸಿ ಪಂಪನ್ನು ತಣ್ಣಗಾಗಲು ಬಿಡದಿದ್ದರೆ ಒಳಗಿನ ರಬ್ಬರು ಸುಟ್ಟುಹೋಗುತ್ತದೆ. ಆ ಬಿಡುವಿನಲ್ಲಿ ಅವಳಿಗೆ ಕೆಮ್ಮು ಬರುತ್ತಿತ್ತು: ಒಂದು ಒಣ ಕೆಮ್ಮು, ಅದರ ಬೆನ್ನಿಗೇ ನುಂಗಿಕೊಂಡ ಅರ್ಧ ಕೆಮ್ಮು. ಮತ್ತೆ ಪಂಪು. ಕೊನೆಗೆ ಸಣ್ಣ ತಿರುಪು ಸಡಿಲಿಸಿದರೆ ಕೊಳವೆಯಲ್ಲಿ ಉಳಿದ ಗಾಳಿ ಸುಸ್ಸೆಂದು ಹೊರಬೀಳುತ್ತಿತ್ತು. ಒಂದು ಬಂದೂಕು ಮುಗಿಯಿತು. ಪಕ್ಕದಲ್ಲಿ ಇನ್ನೊಂದು ಕಾದಿರುತ್ತಿತ್ತು.

ಸಂಜೆ ಮಸೀದಿಯ ಕರೆ ಕೇಳಿದ ಮೇಲೆ ಅವಳು ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದಳು. ಆಗಲೂ ಪಂಪು ಕಿವಿಯೊಳಗೆ ನಡೆದೇ ಇರುತ್ತಿತ್ತು. ಮೇಲೆ, ಕೆಳಗೆ. ಮೇಲೆ, ಕೆಳಗೆ. ದಣಿವು ತಲೆಗೂ ಏರಿತಲ್ಲ ಎಂದುಕೊಂಡು ಎದ್ದು ಹೊರಡುತ್ತಿದ್ದಳು. ದಾರಿಯಲ್ಲಿನ ಬಾವಿ ದಾಟುವಷ್ಟರಲ್ಲಿ ಕಿವಿ ತಿಳಿಯಾಗುತ್ತಿತ್ತು.

ಹಕ್ಕಿಯ ಪಂಜರ ಅವಳ ತಲೆಯ ಮೇಲೆಯೇ, ಶೆಡ್ಡಿನ ಸೂರಿನಲ್ಲಿ ತೂಗುತ್ತಿತ್ತು. ಉದ್ದ ಬಾಲದ, ಮುರಾಯ್ ಎಂಬ ಕಪ್ಪು ಹಾಡುಹಕ್ಕಿ. ಹಗಲೆಲ್ಲ ಅದು ಗಿಳಿಯಂತೆ, ಗುಬ್ಬಿಯಂತೆ, ಪಕ್ಕದ ಮನೆಯ ಕೋಳಿಮರಿಯಂತೆ ಕೂಗುತ್ತಿತ್ತು. ಕತ್ತಲಾಗುವ ಮುಂಚೆ ತಾರ್ಯ ಪಂಜರಕ್ಕೆ ಕಪ್ಪು ಬಟ್ಟೆ ಹೊದಿಸುತ್ತಿದ್ದ. ಬಟ್ಟೆ ಹೊದಿಸಿದರೆ ಹಕ್ಕಿ ಸುಮ್ಮನಾಗುತ್ತದೆ, ಇಮಾಸಳಿಗೆ ತಿಳಿದಿದ್ದು ಅಷ್ಟು. ಪಂದ್ಯ ನೋಡಲು ಅವಳು ಒಮ್ಮೆಯೂ ಹೋಗಿರಲಿಲ್ಲ. ಭಾನುವಾರವೂ ಅವಳು ಪಂಪಿನ ಮೇಲೆಯೇ ಇರುತ್ತಿದ್ದಳು.

ಬಾಂಡುಂಗಿನ ಹಕ್ಕಿ ವ್ಯಾಪಾರಿ ಯಾಯತ್ ತನ್ನ ಬಂದೂಕಿನ ರಿಪೇರಿಗೆ ಬಂದ ದಿನ ತಾರ್ಯ ಹೊರಗೆ ಹೋಗಿದ್ದ. ಯಾಯತ್ ಕತ್ತೆತ್ತಿ ಪಂಜರ ನೋಡುತ್ತಲೇ ನಿಂತ.

"ಎಷ್ಟು ಮಿಡತೆ ತಿನ್ನುತ್ತೆ ಇದು?"

"ನಾನು ಅನ್ನ ತಿನ್ನೋದಕ್ಕಿಂತ ಜಾಸ್ತಿ," ಎಂದಳು ಇಮಾಸ್.

ಅವನು ನಕ್ಕ. "ಇಂಥದ್ದು ನನ್ನ ಕೈಗೆ ಬಂದ್ರೆ ಎಲ್ಲಿಂದ ಬಂತು ಅಂತ ಕೇಳೋ ಪೈಕಿ ಅಲ್ಲ ಅಕ್ಕಾ ನಾನು. ಕಾಲಿನ ಗುರುತಿನ ಬಳೆ ಕತ್ತರಿಸಿದ್ರೆ ಎಲ್ಲ ಹಕ್ಕಿನೂ ಒಂದೇ."

ಅವಳು ಮತ್ತೆ ಪಂಪಿನ ಹಿಡಿ ಹಿಡಿದಳು. ಆದರೆ ಆ ರಾತ್ರಿ ಬಲ ಭುಜ ನೋಯುತ್ತಿದ್ದ ಕಾರಣ ಎಡಮಗ್ಗುಲಾಗಿ ಮಲಗಿ ಯೋಚಿಸಿದಳು. ಹಕ್ಕಿ ಮಾರಿದ ದುಡ್ಡಿನಲ್ಲಿ, ಗಾರುತ್ ಊರಿನ ಅಕ್ಕನ ಮನೆಯ ಮುಂದೆ ಒಂದು ಸಣ್ಣ ಅಂಗಡಿ. ಕೂತು ಬಾಳೆಹಣ್ಣಿನ ಬೋಂಡ ಕರಿಯುವುದು. ಲಾಭ ನಷ್ಟದ ಕಡೆಗೆ ಅವಳ ಮನಸ್ಸು ಹೋಗಲೇ ಇಲ್ಲ. ಕೂತು ಮಾಡುವ ಕೆಲಸ. ಅಷ್ಟೇ ಸಾಕಾಗಿತ್ತು.

ಹಕ್ಕಿ ಕಳುವಾದರೆ ಎಲ್ಲರೂ ಹುಡುಕುತ್ತಾರೆ. ಹಕ್ಕಿ ಸತ್ತರೆ ಯಾರೂ ಹುಡುಕುವುದಿಲ್ಲ. ಆದ್ದರಿಂದ ಎಲ್ಲರ ಕಣ್ಣಿಗೆ ಪಂಗೇರನ್ ಸಾಯಬೇಕು. ಬಂದೂಕಿನಿಂದಲೇ ಸಾಯಬೇಕು. ಪ್ರತಿ ಮನೆಯಲ್ಲೂ ಬಂದೂಕಿರುವ ಊರಿನಲ್ಲಿ ಒಂದು ಸೀಸದ ಗುಂಡು ಯಾರ ಹೆಸರನ್ನೂ ಹೇಳುವುದಿಲ್ಲ. ಮೇಲಿನ ಕೇರಿಯ ಓಮನ್ ಪಂದ್ಯದಲ್ಲಿ ಸೋತು ಹಲ್ಲು ಕಡಿದದ್ದು ಎಲ್ಲರಿಗೂ ಗೊತ್ತಿತ್ತು. ಅನುಮಾನ ತಾನಾಗಿ ಅತ್ತ ಹೋಗುತ್ತದೆ.

ಸತ್ತ ಹಕ್ಕಿಯೊಂದು ಬೇಕಲ್ಲ? ಬೇಡ. ಬೆಕ್ಕು ಎಳೆದುಕೊಂಡು ಹೋದರೆ ಗರಿಗಳಷ್ಟೇ ಉಳಿಯುತ್ತವೆ. ಹಿಂದಿನ ಸಲ ಹಕ್ಕಿ ಪುಕ್ಕ ಬದಲಿಸಿದಾಗ ಉದುರಿದ ಬಾಲದ ಗರಿಗಳನ್ನು ಅವಳು, ಚೆಂದ ಇವೆಯೆಂದು, ಗುಡಿಸುವಾಗ ಎತ್ತಿಟ್ಟುಕೊಂಡಿದ್ದಳು. ತಾರ್ಯನಿಗೆ ಆ ಗರಿಗಳು ತನ್ನ ಬೆರಳಿನಷ್ಟೇ ಚೆನ್ನಾಗಿ ಗೊತ್ತಿದ್ದವು. ಉದುರಿದ ಗರಿಯ ಬುಡ ಒಣಗಿರುತ್ತದೆ ಎಂಬುದು ಹೊಳೆದು, ಅದಕ್ಕೆ ಕೋಳಿಯ ರಕ್ತ ಸವರಬೇಕೆಂದು ನಿಶ್ಚಯಿಸಿದಳು.

ಅಕ್ಕನ ಮಗಳ ಮದುವೆಗೆ ಶುಕ್ರವಾರ ಸಂಜೆಯ ವ್ಯಾನಿಗೆ ಹೊರಡುತ್ತೇನೆಂದು ಮೊದಲೇ ಹೇಳಿಟ್ಟಳು. ಮದುವೆ ನಿಜವಾದದ್ದೇ. ಸುಳ್ಳು ಕಡಿಮೆಯಿದ್ದಷ್ಟೂ ಹೊರುವ ಭಾರ ಕಡಿಮೆ ಎಂದು ಅವಳಿಗೆ ಅನ್ನಿಸಿತು. ಸುಳ್ಳು ಹೇಳಲೂ ಮೈಯಲ್ಲಿ ಬಲ ಬೇಕು.

ಶುಕ್ರವಾರ ಬೆಳಗ್ಗೆ ಬೇರೆ ಬಂದೂಕುಗಳ ಜೊತೆಗೆ ಇನ್ನೊಂದಕ್ಕೂ ಗಾಳಿ ತುಂಬಿದಳು. ಯಾರೂ ತಿರುಗಿ ನೋಡಲಿಲ್ಲ. ಅವಳ ಪಂಪಿನ ಸದ್ದು ಎಂದೋ ಊರಿನ ಕಿವಿಯಿಂದ ಅಳಿಸಿಹೋಗಿತ್ತು, ಹರಿಯುವ ಕಾಲುವೆಯ ಸದ್ದಿನ ಹಾಗೆ. ಇದು ತನ್ನ ದೊಡ್ಡ ಅನುಕೂಲವೆಂದು ಅವಳು ಲೆಕ್ಕ ಹಾಕಿದ್ದಳು.

ಮಧ್ಯಾಹ್ನ ಗಂಡಸರೆಲ್ಲ ನಮಾಜಿಗೆ ಹೋದರು. ಹೆಂಗಸರು ಒಲೆಯ ಮುಂದಿದ್ದರು. ಇಮಾಸ್ ಹಕ್ಕಿಯನ್ನು ಹಿಡಿದು ಕಾಲಿನ ಬಳೆ ಕತ್ತರಿಸಿ, ಬಿದಿರಿನ ಬುಟ್ಟಿಯ ತಳದಲ್ಲಿಟ್ಟು ಕಪ್ಪು ಬಟ್ಟೆ ಮುಚ್ಚಿದಳು. ಅದರ ಮೇಲೆ ಬಿದಿರಿನ ತಟ್ಟೆ, ತಟ್ಟೆಯ ತುಂಬ ಎಲೆಯಲ್ಲಿ ಸುತ್ತಿದ ಅಕ್ಕಿ ಕಡುಬು. ಬುಟ್ಟಿಯನ್ನು ಮನೆಯಲ್ಲಿಟ್ಟು ಬಂದು, ಬಾಳೆಗಿಡದ ಮರೆಯಿಂದ ಖಾಲಿ ಪಂಜರಕ್ಕೆ ಒಂದೇ ಗುಂಡು ಹೊಡೆದಳು. ತೇಗದ ಕಂಬಿ ಮುರಿದ ಸದ್ದು ಕಿವಿಗೆ ಹಿತವಾಗಿತ್ತು. ಪಂಜರದ ಬಾಗಿಲು ತೆರೆದಿಟ್ಟಳು. ಗರಿ ಚೆಲ್ಲಿದಳು, ಗೋಡೆಯ ಮೇಲೆ ರಕ್ತದ ಒಂದು ಗೆರೆ ಎಳೆದಳು. ಬಂದೂಕಿನಲ್ಲಿ ಉಳಿದ ಗಾಳಿಯನ್ನು ಮೆಲ್ಲಗೆ ಬಿಟ್ಟು, ಮುಳ್ಳು ಸೊನ್ನೆಗೆ ಬಂದ ಮೇಲೆ ಅದನ್ನು ಸಾಲಿನಲ್ಲಿ ನಿಲ್ಲಿಸಿದಳು.

ಮೊದಲು ಬಂದವನು ನಳಿಕೆ ಕೊರೆಯುವ ದೂದುಂಗ್. ಆಮೇಲೆ ತಾರ್ಯ. ಅವನು ಕಿರುಚಲಿಲ್ಲ. ಗರಿಗಳನ್ನು ಒಂದೊಂದಾಗಿ ಎತ್ತಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟ.

"ಹೆಂಡ್ತಿ ಹೋದಾಗ್ಲೂ ಹಿಂಗೆ ಕೂತಿರ್ಲಿಲ್ಲ," ಎಂದು ದೂದುಂಗ್ ಇಮಾಸಳ ಕಿವಿಯಲ್ಲಿ ಪಿಸುಗುಟ್ಟಿದ. ಆಮೇಲೆ ದನಿಯೆತ್ತಿ, "ಗುಂಡು ಬಾಳೆತೋಟದ ಕಡೆಯಿಂದ ಬಂದಿದೆ. ಬಿದ್ದಿದ್ದನ್ನ ಬೆಕ್ಕು ಎಳ್ಕೊಂಡು ಹೋಗಿದೆ. ಇದು ಓಮನ್ ಕೆಲ್ಸಾನೇ. ಅವ್ನು ನಮಾಜಿಗೂ ಬಂದಿರ್ಲಿಲ್ಲ. ಹೋಗೋಣ ನಡೀರಿ!" ಎಂದ.

"ಕೂತ್ಕೊಳ್ಳೋ ಸುಮ್ನೆ," ಎಂದ ತಾರ್ಯ. "ಊರಿಗೆಲ್ಲ ಬಂದೂಕು ಮಾಡಿ ಹಂಚಿದವ್ನು ನಾನು. ಈಗ ಯಾರ ಮನೆ ಬಾಗಿಲು ಬಡೀಲಿ? ಇವತ್ತು ಕೆಲ್ಸ ಬೇಡ. ಯಾರೂ ಏನೂ ಮುಟ್ಟಬೇಡಿ."

ಮಧ್ಯಾಹ್ನವೆಲ್ಲ ಜನ ಬಂದು ಹೋಗುತ್ತಿದ್ದರು. ಇಮಾಸ್ ಅವರಿಗೆ ಕಾಫಿ ಕಾಸಿ ಕೊಟ್ಟಳು. ಅವಳಿಗೆ ಹೆದರಿಕೆಯೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಪಂಪು ಗೋಡೆಗೊರಗಿ ನಿಂತಿತ್ತು. ಅದನ್ನು ಮುಟ್ಟದೆ ಕಳೆದ ಮಧ್ಯಾಹ್ನ ಇಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಸಂಜೆ ಮನೆಗೆ ಹೋಗಿ ಬುಟ್ಟಿ ಎತ್ತಿಕೊಂಡಳು. ನೇರವಾಗಿ ರಸ್ತೆಗೆ ಹೋಗಬಹುದಿತ್ತು. ಆದರೆ ಹಿರಿಯರಿಗೆ ಹೇಳದೆ ಊರು ಬಿಟ್ಟರೆ ಆ ಸೀಮೆಯಲ್ಲಿ ನಾಳೆಯೇ ಮಾತಾಗುತ್ತದೆ. ಅದನ್ನೂ ಅವಳು ಯೋಚಿಸಿದ್ದಳು. ಶೆಡ್ಡಿಗೆ ಬಂದು ಬುಟ್ಟಿಯನ್ನು ಪಕ್ಕಕ್ಕಿಟ್ಟು, ತಾರ್ಯನ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು.

"ಹೋಗಿಬರ್ತೀನಿ ಅಬಾ."

ಅವನು ಅವಳ ಕೈ ಬಿಡಲಿಲ್ಲ. ಅಂಗೈಯ ದಡ್ಡುಗಟ್ಟಿದ ಚರ್ಮವನ್ನು ಈಗಷ್ಟೇ ಕಂಡವನಂತೆ ನೋಡಿದ.

"ಎಷ್ಟು ಗಟ್ಟಿಯಾಗಿದೆ ನಿನ್ನ ಕೈ," ಎಂದ. "ಆ ಪಂಜರದ ಬದ್ಲು ಯಂತ್ರ ತರಬೇಕಿತ್ತು. ದೇವರು ಬುದ್ಧಿ ಕಲಿಸಿದ. ನೀನು ಮದುವೆ ಮುಗಿಸ್ಕೊಂಡು ಬಾ ಮಗಳೇ. ಬರೋ ಹೊತ್ತಿಗೆ ಯಂತ್ರ ಇಲ್ಲಿರುತ್ತೆ. ಇನ್ಮೇಲೆ ನೀನು ಪಂಪು ಮುಟ್ಟೋದು ಬೇಡ. ಕುರ್ಚಿ ಮೇಲೆ ಕೂತು ಗುಂಡಿ ಒತ್ತು, ಸಾಕು."

"ಅಕ್ಕಂಗೆ ಬಡ್ತಿ ಬಂತಪ್ಪ," ಎಂದ ದೂದುಂಗ್. ಕೂತಿದ್ದವರಲ್ಲಿ ಇಬ್ಬರು ಸಣ್ಣಗೆ ನಕ್ಕರು.

ಇಮಾಸ್ ಕೈ ಹಿಂದಕ್ಕೆಳೆದುಕೊಂಡಳು. ಕೂತು ಮಾಡುವ ಕೆಲಸ ಇಲ್ಲೇ ಇತ್ತು, ಬಾಯಿಬಿಟ್ಟು ಕೇಳುವಷ್ಟೇ ದೂರದಲ್ಲಿ. ವ್ಯಾನು ತಿರುವಿನಲ್ಲಿ ಹಾರ್ನ್ ಹಾಕಿತು. ಮಸೀದಿಯಿಂದ ಸಂಜೆಯ ಕರೆ ಎದ್ದಿತು. ಎಲ್ಲರೂ ತಲೆ ತಗ್ಗಿಸಿ ಸುಮ್ಮನಾದರು. ಕರೆ ಮುಗಿಯಿತು.

ಆಗ ಅವಳ ಕಿವಿಯಲ್ಲಿ ಪಂಪು ಶುರುವಾಯಿತು. ಮೇಲೆ, ಕೆಳಗೆ. ದಿನದ ದಣಿವೇ ಎಂದುಕೊಂಡು ಅವಳು ಬುಟ್ಟಿಗೆ ಕೈ ಚಾಚಿದಳು. ಮಧ್ಯಾಹ್ನದಿಂದ ತಾನು ಪಂಪು ಮುಟ್ಟಿಯೇ ಇಲ್ಲವೆಂಬುದು ನೆನಪಾದಾಗ ಕೈ ಅಲ್ಲೇ ನಿಂತಿತು. ದೂದುಂಗ್ ಗೋಡೆಗೊರಗಿದ್ದ ಪಂಪಿನ ಕಡೆ ತಿರುಗಿದ. ಅದರ ಹತ್ತಿರ ಯಾರೂ ಇರಲಿಲ್ಲ. ತಾರ್ಯ ಮಾತ್ರ ಮೆಲ್ಲಗೆ ಎದ್ದು ನಿಂತ. ಮಡಿಲಿನ ಗರಿಗಳು ಉದುರಿದವು. "ಬಟ್ಟೆ ಹೊದಿಸಿದ ಮೇಲೆ ಪಂಗೇರನ್ ಸಣ್ಣ ದನಿಯಲ್ಲಿ ದಿನಾ ಸಂಜೆ ನಿನ್ನನ್ನೇ ಹಾಡ್ತಿದ್ದ," ಎಂದ, ಅವಳನ್ನಲ್ಲ, ಬುಟ್ಟಿಯನ್ನು ನೋಡುತ್ತ. "ಬೇರೆ ಯಾವ ಹಕ್ಕಿಗೂ ಬರದ ಸದ್ದು ಅಂತಾನೇ ಪಂದ್ಯದಲ್ಲಿ ಗೆಲ್ಲಿಸಿದ್ರು. ನಿನಗೆ ಗೊತ್ತಿರ್ಲಿಲ್ವಾ?" ಕಡುಬಿನ ಕೆಳಗಿನಿಂದ ಪಂಪು ನಡೆಯುತ್ತಲೇ ಇತ್ತು, ಮೊದಲು ಹಗುರವಾಗಿ, ಆಮೇಲೆ ಮೊಂಡಾಗಿ. ನಡುವೆ ಒಂದು ಬಿಡುವು. ಬಿಡುವಿನಲ್ಲಿ ಒಂದು ಒಣ ಕೆಮ್ಮು, ಅದರ ಬೆನ್ನಿಗೇ ನುಂಗಿಕೊಂಡ ಅರ್ಧ ಕೆಮ್ಮು. ಎಲ್ಲರೂ ಇಮಾಸಳತ್ತ ನೋಡಿದರು. ಅವಳ ಬಾಯಿ ಮುಚ್ಚಿತ್ತು. ಆಮೇಲೆ ತಿರುಪು ಸಡಿಲಿಸಿದ ಹಾಗೆ ಸುಸ್ಸೆಂದಿತು. ಒಂದು ಬಂದೂಕು ಮುಗಿಯಿತು.