ಎಸಿ ಕೆಟ್ಟ ಹುಣ್ಣಿಮೆ

ಚೌಡಾಪುರದಲ್ಲಿ ಮನೆಯಿದ್ದವನಿಗೆ ನೆಂಟರ ಬರವಿಲ್ಲ. ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು ಇಲ್ಲಿ ಇಳಿಯಬೇಕು, ಇಳಿದವರು ಧರ್ಮರಾಜನ ಮನೆಯಲ್ಲಿ ಚಹಾ ಕುಡಿಯಬೇಕು. ಅದು ಅವನಿಗೆ ಬೇಸರದ ಮಾತಲ್ಲ. ಆದರೆ ದರ್ಶನ ಮುಗಿಸಿ ಸಂಜೆಯ ಬಸ್ಸಿಗೆ ಹೋಗುತ್ತಿದ್ದ ಜೇವರ್ಗಿಯ ದೊಡ್ಡವ್ವ ಗೌರಾಬಾಯಿ, ಅವನು ಮಲಗುವ ಕೋಣೆಗೆ ಎಸಿ ಹಾಕಿಸಿದ ಮೇಲೆ ಹೋಗುವುದನ್ನೇ ಮರೆತಳು. ಹುಣ್ಣಿಮೆ ಬಂತೆಂದರೆ ಮಗ ಬೀರಣ್ಣ, ಸೊಸೆ, ಮೊಮ್ಮಕ್ಕಳ ಸಮೇತ ಬಂದು ವಾರಗಟ್ಟಲೆ ಅಲ್ಲಿ ತಣ್ಣಗೆ ಮಲಗುತ್ತಿದ್ದಳು. ಎಸಿ ಕೊಂಡವನು ಹೆಂಡತಿ ಸುವರ್ಣಾಳ ಜೊತೆ ಮಾಳಿಗೆಯ ಮೇಲೆ ಸೊಳ್ಳೆ ಹೊಡೆಯುತ್ತಿದ್ದ. ಎತ್ತಿ ಆಡಿಸಿದ ದೊಡ್ಡವ್ವನಿಗೆ ಹೋಗು ಎನ್ನುವ ಬಾಯಿ ಅವನಿಗಿರಲಿಲ್ಲ. ಆದ್ದರಿಂದ ಎಸಿಯನ್ನು ಕೊಲ್ಲಲು ನಿರ್ಧರಿಸಿದ.

ನಿಜವಾಗಿಯೂ ಕೊಲ್ಲುವುದು ಮೂರ್ಖರ ಕೆಲಸ. ಅದು ಸತ್ತಂತೆ ಕಾಣಬೇಕು, ನೆಂಟರು ಹೋದ ಕೂಡಲೇ ಎದ್ದು ಕೂರಬೇಕು. ತೊಡಕು ಬೀರಣ್ಣನದು. ಹಿಟ್ಟಿನ ಗಿರಣಿ ನಡೆಸುವ ಅವನು, ಯಂತ್ರ ಯಾವುದಿದ್ದರೂ ತನ್ನ ಮಾತು ಕೇಳುತ್ತದೆಂದು ನಂಬಿದವನು. ಮಿಸ್ತ್ರಿಗೆ ದುಡ್ಡು ಕೊಡುವ ಮೊದಲು ತಾನೇ ಬಿಚ್ಚಿ ನೋಡದಿದ್ದರೆ ಅವನಿಗೆ ಅನ್ನ ಸೇರದು. ಧರ್ಮರಾಜ ಎಸಿಯ ಜೊತೆ ಬಂದ ಪುಸ್ತಕದ ಕೊನೆಯ ಪುಟ ತೆಗೆದ. ರಿಪೇರಿಗೆ ಕರೆಯುವ ಮುನ್ನ ಏನೇನು ನೋಡಬೇಕು ಎಂದು ಅಲ್ಲಿ ಬರೆದಿತ್ತು. ಜನ ಅದನ್ನು ಎಸಿ ಸರಿಮಾಡಲು ಓದುತ್ತಾರೆ. ಇವನು ಬೀರಣ್ಣ ಎಲ್ಲೆಲ್ಲಿ ಕೈ ಹಾಕಿಯಾನೆಂದು ತಿಳಿಯಲು ಓದಿದ.

ಫಿಲ್ಟರಿನಲ್ಲಿ ಧೂಳಿದ್ದರೆ ಬೀರಣ್ಣ ಅದನ್ನೇ ಹಿಡಿದು ಕೂರುತ್ತಾನೆ, ತಾನೇ ತೊಳೆದಿಟ್ಟ. ಮಾಳಿಗೆಯ ಮೇಲಿನ ಎಸಿಯ ಹೊರಪೆಟ್ಟಿಗೆಗೆ ಅಂಟಿದ್ದ ಹೊಟ್ಟು, ಪುಕ್ಕ, ಪಾರಿವಾಳದ ಸಂಸಾರ ಎಲ್ಲ ತೆಗೆದು ನೀರು ಹೊಡೆದ. ತಪ್ಪೇ ಇಲ್ಲದ ಯಂತ್ರದಲ್ಲಿ ತಪ್ಪು ಹುಡುಕುವವನು ಎಷ್ಟು ಹೊತ್ತು ಹುಡುಕಿಯಾನು? ಇನ್ನು ಮುಖ್ಯ ಆಯುಧ. ಅಫಜಲಪುರದ ಸಂತೆಯಲ್ಲಿ ಹಳೆಯ ಸಾಮಾನು ಮಾರುವ ಬಂದೇನವಾಜನ ಬಳಿ ಬೇರೆ ಕಂಪನಿಯ ರಿಮೋಟು ಸಿಕ್ಕಿತು, ನೋಡಲು ಮನೆಯದರ ಅವಳಿಯಂತೆ. ಅದಕ್ಕೆ ಹೊಸ ಸೆಲ್ಲು ಹಾಕಿ ಗೋಡೆಗೆ ತೂಗಿಹಾಕಿದ. ಅಸಲಿ ರಿಮೋಟಿನಿಂದ ಎಸಿಯನ್ನು ಬರೀ ಫ್ಯಾನಿಗೆ ಇಟ್ಟು, ಆ ರಿಮೋಟನ್ನು ಕೈಮೇಲೆ ಇಳಿಬಿಟ್ಟ ಟವೆಲ್ಲಿನ ಕೆಳಗೆ ಬಚ್ಚಿಟ್ಟುಕೊಂಡ. ಗುಂಡಿ ಒತ್ತಿದಾಗ ಎಸಿ ಟುಂಯ್ ಅನ್ನದಿದ್ದರೆ ಬೀರಣ್ಣನಿಗೆ ಅನುಮಾನ ಬಂದೀತು. ಹಾಗಾಗಿ ಅವನು ಒತ್ತಿದಾಗೆಲ್ಲ ಟವೆಲ್ಲಿನೊಳಗೆ ತಾನೂ ಒತ್ತುವ ತಾಲೀಮು ನಡೆಸಿದ. ಅವರು ಚಾಪೆಯ ಕೆಳಗೆ ತೂರಿದರೆ ತಾನು ರಂಗೋಲಿಯ ಕೆಳಗೆ.

ಮುಂಗಾರಿನ ಮೊದಲ ಮಿರಗದ ಮಳೆ ಒಂದು ಸಲ ಬಂದು ಹೋಗಿ ಊರು ಬೆವರಿನಲ್ಲಿ ಕುದಿಯುತ್ತಿತ್ತು. ಹುಣ್ಣಿಮೆಯ ಬೆಳಿಗ್ಗೆ ಗೌರಾಬಾಯಿಯ ದಂಡು ಇಳಿಯಿತು. ಅವಳು ಹಿತ್ತಲಿನ ಗೋಡೆ ಬುಡದ ಬಕೀಟಿನ ನೀರಿನಿಂದ ಕಾಲು ತೊಳೆದು, ಉಳಿದದ್ದನ್ನು ತುಳಸಿಗೆ ಸುರಿದು, ಬಕೀಟನ್ನು ಇದ್ದಲ್ಲೇ ಇಟ್ಟು ಒಳಬಂದಳು. ಬೀರಣ್ಣ ಆಗಲೇ ರಿಮೋಟು ಹಿಡಿದಿದ್ದ.

"ಹದಿನೆಂಟು ತೋರಸಾಕತ್ತೈತಿ, ಗಾಳಿ ನೋಡಿದ್ರ ಬಿಸಿ ಬರಾಕತ್ತೈತಲ್ಲೋ ಧರ್ಮಾ."

"ಗ್ಯಾಸ್ ಹೋಗಿರಬೇಕಣ್ಣಾ. ಕಲಬುರ್ಗಿ ಮಿಸ್ತ್ರಿಗೆ ಹೇಳೀನಿ." ಟವೆಲ್ಲು ಮೆಲ್ಲಗೆ ಅಲುಗಿತು, ಎಸಿ ಟುಂಯ್ ಎಂದಿತು.

"ತಡಿ, ಮಿಸ್ತ್ರಿ ಮಾತು ಆಮ್ಯಾಲ. ಮೊದಲ ನಾ ನೋಡ್ತೇನಿ."

ಬೀರಣ್ಣ ಸ್ಟೂಲು ಹತ್ತಿ ಫಿಲ್ಟರ್ ಎಳೆದ, ಮಾಳಿಗೆಗೆ ಹೋಗಿ ಬಂದ, ಸೆಲ್ಲು ಬದಲಿಸಿದ, ಕಿಟಕಿ ಮುಚ್ಚಿದ, ಕೊನೆಗೆ ಎಸಿಯ ಹೊಟ್ಟೆಗೆ ಕಿವಿಯಿಟ್ಟು ಕೇಳಿದ. "ಇಷ್ಟ ಚಂದ ಇಟ್ಟಿದ್ ಎಸಿ ನಾ ಎಲ್ಲೂ ನೋಡಿಲ್ಲ. ಗ್ಯಾಸ ಹೋಗೈತಿ, ಬ್ಯಾರೆ ಮಾತಿಲ್ಲ," ಎಂದು ಸೋಲೊಪ್ಪಿದ. ಧರ್ಮರಾಜನಿಗೆ ಒಂದು ಕ್ಷಣ ಅವನ ಮೇಲೆ ಪ್ರೀತಿಯೇ ಉಕ್ಕಿತು.

ಗೌರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಕುದಿಯಾಗ ನನ್ನ ಕೈಲೆ ಆಗಂಗಿಲ್ಲ ಸುವರ್ಣಾ. ದರ್ಶನ ಮುಗಿಸಿ ಸಂಜಿ ಬಸ್ಸಿಗೆ ಹೋಗಿಬಿಡ್ತೇವಿ."

ದಂಡು ಸಂಗಮದ ಸ್ನಾನಕ್ಕೆ ಹೊರಟಿತು. ರಸ್ತೆಬದಿಯ ತಮ್ಮ ತೆಂಗಿನಕಾಯಿ ಅಂಗಡಿಯ ಕೀಲಿ ಹಿಡಿದ ಸುವರ್ಣಾ, "ಹುಣ್ಣಿಮಿ ವ್ಯಾಪಾರ ಬಿಟ್ಟು ಮನ್ಯಾಗ ಕುಂದರ್ತೀರೇನ್ರಿ?" ಎಂದಳು. "ಮಿಸ್ತ್ರಿ ಬಂದ್ರ ಯಾರರ ಇರಬೇಕಲ್ಲ," ಎಂದ ಧರ್ಮರಾಜ.

ಬಾಗಿಲಿಗೆ ಚಿಲಕ ಹಾಕಿ ಅಸಲಿ ರಿಮೋಟು ಹೊರತೆಗೆದ. ಮೈತೊಳೆದ ಎಸಿ ಹಿಂದೆಂದೂ ಇಲ್ಲದಂತೆ ತಣ್ಣಗೆ ಬೀಸಿತು; ಧರ್ಮರಾಜ ಕೌದಿ ಹೊದ್ದು ದಿನವಿಡೀ ರಾಜನಂತೆ ಮಲಗಿದ. ಇಳಿಹೊತ್ತಿಗೆ ಎದ್ದು ಮತ್ತೆ ಫ್ಯಾನಿಗೆ ಇಟ್ಟು, ಕಿಟಕಿ ತೆರೆದು ಧಗೆಯನ್ನು ಒಳಗೆ ಕರೆದು, ಬೆವರು ಕಾಣಲೆಂದು ಹಣೆಗೆ ನೀರು ಚಿಮುಕಿಸಿಕೊಂಡ. ಅಷ್ಟು ಜಾಣ ಅವನು.

ಸಂಜೆ ಎಲ್ಲರೂ ಬಂದರು. ಮಿಸ್ತ್ರಿ ಬರಲಿಲ್ಲವೆಂದು ಧರ್ಮರಾಜ ಬಹಳ ನೊಂದುಕೊಂಡ. ಬೀರಣ್ಣ ಹೋಗುವ ಮುಂಚೆ ಇನ್ನೊಮ್ಮೆ ಒತ್ತಿ ನೋಡಿಯಾನೆಂದು ಟವೆಲ್ಲು ಕೈಮೇಲೆಯೇ ಇತ್ತು. ಸುವರ್ಣಾ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು, ಬೀರಣ್ಣ ಕೋಣೆಯಲ್ಲಿದ್ದ ಚೀಲಗಳನ್ನು ಎತ್ತಿದ.

ಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದ ಗೌರಾಬಾಯಿ ಬಕೀಟನ್ನೇ ಎತ್ತಿಕೊಂಡು ಬಂದು ಕೋಣೆಯ ಹೊಸ್ತಿಲಲ್ಲಿಟ್ಟಳು. ತುಂಬಿದ ನೀರು ನೆಲಕ್ಕೆ ತುಳುಕಿತು. "ಮುಂಜಾನಿ ನಾನ ಖಾಲಿ ಮಾಡಿ ಎಸಿ ಪೈಪಿನ ಬುಡಕ ಇಟ್ಟಿದ್ದೆ," ಎಂದಳು ಮೆಲ್ಲಗೆ. "ಗ್ಯಾಸ್ ಹೋಗಿ ತಂಪ ಮಾಡದ ಎಸಿ ಇಷ್ಟು ನೀರ ಹ್ಯಾಂಗ ಬಿಟ್ಟಿತಪಾ ಧರ್ಮಾ?" ಬೀರಣ್ಣ ಚೀಲಗಳನ್ನು ಕೆಳಗಿಟ್ಟು ಎಸಿಯತ್ತ ನೋಡಿದ. ಸುವರ್ಣಾ ಗಂಡನತ್ತ ನೋಡಿದಳು. ತಾಲೀಮಿನ ಅಭ್ಯಾಸಬಲಕ್ಕೆ ಧರ್ಮರಾಜನ ಹೆಬ್ಬೆರಳು ಟವೆಲ್ಲಿನ ಕೆಳಗೆ ತಾನಾಗಿಯೇ ಗುಂಡಿ ಒತ್ತಿತು. ನೋಡುವವರಿಗೆ ಯಾರ ಕೈಯಲ್ಲೂ ರಿಮೋಟು ಕಾಣಲಿಲ್ಲ, ಅದು ಗೋಡೆಗೆ ತೂಗಿಕೊಂಡೇ ಇತ್ತು. ಆದರೂ ಎಸಿ ಟುಂಯ್ ಎಂದಿತು.