ಆರು ಪಂಜರದ ಎಳ್ಳು

ಬುಧವಾರ ಬೆಳಿಗ್ಗೆ ಆರು ಬಿಳಿ ಇಲಿಗಳು ಸನ್ನೆಕೋಲಿನ ಕಡೆ ತಿರುಗಿಯೂ ನೋಡಲಿಲ್ಲ. ಮೂರು ತಿಂಗಳಿಂದ ಹಸಿದ ಹೊಟ್ಟೆಯಲ್ಲಿ ಆ ಕೋಲು ಒತ್ತಿ ಒಂದೊಂದೇ ಹನಿ ಸಕ್ಕರೆ ನೀರು ಗಿಟ್ಟಿಸುತ್ತಿದ್ದ ಪ್ರಾಣಿಗಳು ಅಂದು ಮದುವೆ ಊಟ ಮುಗಿಸಿದ ಬೀಗರಂತೆ ಮೈಚೆಲ್ಲಿ ಮಲಗಿದ್ದವು. ಪಂಜರದ ತಳದಲ್ಲಿ ಹುರಿದ ಎಳ್ಳಿನ ಕಾಳುಗಳಿದ್ದವು.

"ಯಾರೋ ತಿನಿಸ್ಯಾರ್ರಿ ಮೇಡಂ," ಎಂದ ಸಂಶೋಧನಾ ವಿದ್ಯಾರ್ಥಿ ಅರುಣಕುಮಾರ.

ಅದು ೧೯೯೯. ಕೊಟ್ಟೂರಿನ ಹೊರಗಿದ್ದ ವಿಶ್ವವಿದ್ಯಾಲಯದ ನರವಿಜ್ಞಾನ ಪ್ರಯೋಗಾಲಯ. ಸಿಹಿ ಸಿಕ್ಕೀತೆಂಬ ಆಸೆ ಹುಟ್ಟಿದಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಸ ಎಷ್ಟು ಒಸರುತ್ತದೆ ಎಂದು ಅಳೆಯುವುದು ಅಲ್ಲಿನ ಕೆಲಸ. ಇದ್ದ ಹನ್ನೆರಡು ಇಲಿಗಳಲ್ಲಿ ಚೀಟಿ ಎತ್ತಿ ಆರಿಸಿದ ಆರಕ್ಕೆ ಬುಧವಾರ ಕಡೆಯ ಪರೀಕ್ಷೆ, ಗುರುವಾರ ಅವನ್ನು ಕೊಂದು ಮಿದುಳು ತೆಗೆಯುವುದೆಂದು ನಿಗದಿಯಾಗಿತ್ತು. ಹೊಟ್ಟೆ ತುಂಬಿದ ಇಲಿಗೆ ಆಸೆಯೆಲ್ಲಿಂದ ಬರಬೇಕು? ಮೂರು ತಿಂಗಳ ದುಡಿಮೆ ಮಣ್ಣುಪಾಲಾಗಿತ್ತು.

ಬೆರಳು ತೋರಿಸಲು ಯಾರಿಗೂ ಬಹಳ ಹೊತ್ತು ಬೇಕಾಗಲಿಲ್ಲ. ಹಿಂದಿನ ದಿನ ಇಲಿವಾರ. ಗಣೇಶನ ಹಬ್ಬದ ಮಾರನೆಯ ದಿನ ಆ ಕಡೆ ಕತ್ತರಿ, ಸೂಜಿ, ಬ್ಲೇಡು ಮುಟ್ಟುವುದಿಲ್ಲ. ಇಲಿಗೆ ಎಡೆ ಇಡುತ್ತಾರೆ. ಮಂಗಳವಾರ ಅರುಣಕುಮಾರ ಕತ್ತರಿ ಹಿಡಿದು ಪಾರ್ಸೆಲ್ ಬಿಚ್ಚುತ್ತಿದ್ದಾಗ ಕಸ ಗುಡಿಸುವ ಪಕ್ಕೀರಮ್ಮ ಎಲ್ಲರೆದುರೇ ಗದರಿದ್ದಳು: "ಇವತ್ತರ ಕತ್ತರಿ ಇಡಪ್ಪೋ! ಇಲಿ ನಿನ್ನ ಪ್ಯಾಂಟು ಕಡಿದಾವು."

"ಅವು ಪಂಜರದಾಗ ಅದಾವ ಬಿಡಬೇ," ಎಂದು ಅವನು ನಕ್ಕಿದ್ದ.

"ಪಾಪ, ತಮ್ಮ ಹಬ್ಬದ ದಿನಾನೂ ಅವಕ್ಕ ಉಪಾಸ ಕೆಡವೀರಲ್ಲ," ಎಂದಿದ್ದಳು ಆಕೆ. ಈಗ ಆ ಮಾತೇ ಕೊರಳಿಗೆ ಬಿತ್ತು. ಮೇಲಾಗಿ ಮಂಗಳವಾರ ಸಂಜೆ ಆರಕ್ಕೆ ಕೀಲಿಕೈ ಮರಳಿಸಿ ಪುಸ್ತಕದಲ್ಲಿ ಕಡೆಯ ಸಹಿ ಹಾಕಿದವಳೂ ಅವಳೇ.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಪುಷ್ಪಲತಾ ನಿಂತ ಕಾಲಲ್ಲೇ ಪತ್ರ ಹೇಳಿ ಬರೆಸಿ, ಎಲ್ಲರೆದುರು ಓದಿದರು. "ಮೂಢನಂಬಿಕೆಯಿಂದ ಪ್ರಯೋಗ ಕೆಡಿಸಿದ ದಿನಗೂಲಿ ನೌಕರಳನ್ನು ಇಂದಿನಿಂದಲೇ ಕೆಲಸದಿಂದ ತೆಗೆಯಲಾಗಿದೆ." ಹನ್ನೊಂದು ವರ್ಷ ದಿನಗೂಲಿಯಲ್ಲಿ ದುಡಿದ ಪಕ್ಕೀರಮ್ಮನ ಕೆಲಸ ಅದೇ ತಿಂಗಳು ಕಾಯಂ ಆಗಬೇಕಿತ್ತು.

ಟೈಪು ಮಾಡಿದವನು ಗುಮಾಸ್ತ ಪಾಲಣ್ಣ. ಸಂಜೆ ಕಾಲೇಜಿಗೆ ಹೋಗಿ ಮೂವತ್ತನಾಲ್ಕಕ್ಕೆ ಬಿ.ಎ. ಮುಗಿಸಿದ ಮನುಷ್ಯ, ಯಾವ ಪತ್ರವನ್ನೂ ಮೂರು ಸಲ ಓದದೆ ಬಿಟ್ಟವನಲ್ಲ. ಈ ಪತ್ರವನ್ನು ಮಾತ್ರ ಎರಡನೇ ಸಲ ಓದಲು ಅವನಿಗೆ ಆಗಲಿಲ್ಲ. ಊಟದ ಡಬ್ಬಿ ತೆರೆಯದೆ ನೇರ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನಡೆದ.

ಹಾಸ್ಟೆಲ್ ವಾರ್ಡನ್ ನಾಗಕ್ಕ ನಿವೃತ್ತ ನರ್ಸು. ಕ್ಯಾಂಪಸ್ಸಿನಲ್ಲಿ ಏನೇ ಕಳೆಯಲಿ, ಪೊಲೀಸರಿಗಿಂತ ಮೊದಲು ಸುದ್ದಿ ಆಕೆಗೆ ಮುಟ್ಟುತ್ತಿತ್ತು. ಅಂಥ ಎಲ್ಲ ಪತ್ತೆಗೂ ಜೊತೆಗೆ ಹೋಗಿ ಕಾಗದದಲ್ಲಿ ಗುರುತು ಹಾಕಿಕೊಳ್ಳುವವನು ಪಾಲಣ್ಣ.

"ನಾಕು ಗಂಟಿಗೆ ಪತ್ರ ಕೈಗೆ ಕೊಡ್ತಾರ್ರಿ ಅಕ್ಕಾರ."

"ಹಂಗಾರ ಇನ್ನಾ ಎರಡು ತಾಸು ಐತಿ. ನಡಿ."

ನಾಗಕ್ಕ ಪಂಜರಗಳ ಮುಂದೆ ಬಹಳ ಹೊತ್ತು ಕೂತರು. ಎಳ್ಳು ಬಿದ್ದಿದ್ದು ಆರರಲ್ಲಿ ಮಾತ್ರ: ಎರಡು, ಮೂರು, ಆರು, ಏಳು, ಹತ್ತು, ಹನ್ನೊಂದು. ಉಳಿದ ಆರು ಪಂಜರಗಳಲ್ಲಿ ಒಂದು ಕಾಳೂ ಇರಲಿಲ್ಲ.

"ಈ ಆರು ಯಾವು ಅಂತ ಪಂಜರದ ಮ್ಯಾಲೆ ಗುರ್ತು ಐತೇನು?"

"ಇಲ್ರಿ. ಹಬ್ಬದ ದಿನ ಮೇಡಂ ಚೀಟಿ ಎತ್ತಿದ್ರು. ಪಟ್ಟಿ ನಾನ ಟೈಪ್ ಮಾಡಿ ಅವರ ಮೇಜಿನಾಗ ಇಟ್ಟೀನಿ. ಅರುಣಗೂ ಗೊತ್ತೈತಿ," ಎಂದ ಪಾಲಣ್ಣ. ಹೇಳಿ ಮುಗಿಸುವಷ್ಟರಲ್ಲಿ ತನ್ನ ಹೆಸರೂ ಆ ಲೆಕ್ಕಕ್ಕೆ ಸೇರಿತೆಂದು ಹೊಳೆಯಿತು.

ಗೋಡೆಯ ಮೇಲೆ ಕೆಂಪಿರುವೆಗಳ ಸಾಲೊಂದು ಹೊರಟಿತ್ತು. ನಾಗಕ್ಕ ಅದರ ಹಿಂದೆ ಹೋದರು. ಸಾಲು ಪಂಜರಕ್ಕೆ ಹೋಗದೆ ಮೂಲೆಯ ಗಾಜಿನ ಪೆಟ್ಟಿಗೆಯೊಳಗಿದ್ದ ತಕ್ಕಡಿಗೆ ಹೋಗಿ ನಿಂತಿತು. ತಟ್ಟೆಗೆ ಬೆಲ್ಲದ ಅಂಟು, ಅಂಟಿನಲ್ಲಿ ಎರಡು ಎಳ್ಳು.

ಆಕೆ ಬಾಗಿಲ ಬಳಿ ನಿಂತಿದ್ದ ಅರುಣಕುಮಾರನತ್ತ ತಿರುಗಿದರು. "ನಿನ್ನಿ ಏನೇನ್ ಕೆಲಸ ಮಾಡಿದ್ರಪ್ಪ?"

"ಹಳೇವು ಎರಡು ಮಿದುಳು ತೆಳ್ಳಗ ಕೊಯ್ಯೋದಿತ್ರಿ. ಬ್ಲೇಡು ಮೊಂಡ ಆಗ್ಯಾವು ಅಂತ ಮೇಡಂ ಮುಂದಕ್ಕ ಹಾಕಿದ್ರು."

ಹಿಂದಿನ ವಾರ ದಾವಣಗೆರೆಯಿಂದ ಐದು ಹೊಸ ಬ್ಲೇಡು ತಂದವನು ಪಾಲಣ್ಣ. ತಪ್ಪು ಮಾಲು ತಂದೆನೋ ಎಂದು ಮಂಗಳವಾರವಿಡೀ ಅನ್ನ ಸೇರದೆ ಒದ್ದಾಡಿದ್ದ. ನಾಗಕ್ಕ ಡ್ರಾಯರು ತೆರೆದರು. ಐದೂ ಬ್ಲೇಡು ಸುತ್ತಿದ ಕಾಗದ ಬಿಚ್ಚದೆ ಹಾಗೇ ಇದ್ದವು. ತನ್ನ ತಪ್ಪಲ್ಲವೆಂದು ಅವನ ಎದೆ ಹಗುರಾಯಿತು. ಹಾಗಾದರೆ ಮೊಂಡೆಂದು ಏಕೆ ಹೇಳಿದರು ಎಂಬ ಪ್ರಶ್ನೆ ಬಾಗಿಲಿಗೆ ಬಂದು ನಿಂತಿತ್ತು. ಅವನು ಅದನ್ನು ಒಳಗೆ ಕರೆಯಲಿಲ್ಲ.

ನಾಲ್ಕಕ್ಕೆ ಎಲ್ಲರೂ ಪುಷ್ಪಲತಾ ಅವರ ಕೋಣೆಯಲ್ಲಿ ಸೇರಿದರು. ಪಕ್ಕೀರಮ್ಮ ಸೆರಗು ಹೊದ್ದು ಬಾಗಿಲ ಬಳಿ ನಿಂತಳು.

"ಕುಂದ್ರು," ಎಂದರು ನಾಗಕ್ಕ.

"ನಿಂತೇ ಕೇಳ್ತೀನ್ರಿ. ಹೋಗಾಕಿನ ಹೌದಲ್ಲ."

"ಪಕ್ಕೀರಮ್ಮ ಎಡಿ ಇಟ್ಟಿದ್ರ ಹನ್ನೆರಡಕ್ಕೂ ಇಡ್ತಿದ್ಲು," ಎಂದು ಶುರು ಮಾಡಿದರು ನಾಗಕ್ಕ. "ಹಬ್ಬ ಎಲ್ಲಾ ಇಲಿಗೂ ಒಂದ. ಇಟ್ಟೋರು ಸಾಯೋ ಆರನ್ನ ಆರಿಸಿ ಇಟ್ಟಾರ. ಆ ಆರು ಯಾವು ಅನ್ನೋದು ಗೊತ್ತಿದ್ದದ್ದು ಮೂರು ಮಂದಿಗೆ."

"ನಾನಲ್ಲರಿ ಅಕ್ಕಾರ!" ಎಂದ ಪಾಲಣ್ಣ.

"ಇಲಿ ಕಂಡ್ರ ಮೇಜು ಹತ್ತಾಂವ ನೀನು. ನೀನು ಪಂಜರ ತೆಗೆದ್ರ ನಾನು ಪೂಜಾ ಮಾಡಸ್ತೀನಿ. ಸುಮ್ನಿರು." ಅರುಣಕುಮಾರನ ತುಟಿಗೆ ನಗು ಬಂದು ಹೋಯಿತು. "ತಿನಿಸಿದೋರು ಎಳ್ಳುಂಡಿ ಮುರಿದು ತೂಕ ಮಾಡ್ಯಾರ. ತಕ್ಕಡಿ ತಟ್ಟಿಗೆ ಬೆಲ್ಲ ಹತ್ತೈತಿ. ಒಂದಕ್ಕ ಹೆಚ್ಚು, ಒಂದಕ್ಕ ಕಮ್ಮಿ ಆಗಬಾರದು ಅಂತ. ದೇವರ ಎಡಿನ ತೂಗಿ ಇಡೋರು ಈ ಕಟ್ಟಡದಾಗ ಇಬ್ಬರ ಅದಾರ."

ಅರುಣಕುಮಾರ ಎದ್ದು ನಿಂತ. "ಅಕ್ಕಾರ, ನನ್ನ ಪಿಎಚ್.ಡಿ. ನಿಂತಿರೋದ ಈ ಇಲಿ ಮ್ಯಾಲೆ..."

"ಗೊತ್ತೈತಿ. ಇಲಿವಾರ ಮಾಡೋನು ಇಲಿವಾರದ ದಿನ ಎಲ್ಲರ ಮುಂದ ಕತ್ತರಿ ಹಿಡಿಯಂಗಿಲ್ಲ. ನೀ ಹಿಡದಿ. ಕತ್ತರಿ, ಬ್ಲೇಡು ಹಿಡೀದ ಇದ್ದೋರು ಒಬ್ಬರ. ಅವತ್ತು ಹೊಸ ಬ್ಲೇಡಿನ ಕಾಗದ ಸೈತ ಬಿಚ್ಚದ, ಮೊಂಡ ಆಗ್ಯಾವು ಅಂದೋರು."

ಪುಷ್ಪಲತಾ ತಲೆ ಎತ್ತಲಿಲ್ಲ.

"ಹಬ್ಬದ ದಿನ ನಮ್ಮವ್ವ ಬಡಿಸ್ತಾ ಕೇಳಿದ್ಲು," ಎಂದರು. "'ನಾಳಿ ಇಲಿವಾರ. ನಿನ್ನ ಇಲಿಗೆ ಏನ್ ಇಡ್ತೀಯವ್ವಾ?' ಅಂತ. ನಾನು ನಕ್ಕೆ. ಬೆಳಿಗ್ಗೆ ಬ್ಲೇಡು ತೆಗಿಯಾಕ ಕೈ ಬರಲಿಲ್ಲ. ಸಂಜಿಗೆ ಎಲ್ಲಾರೂ ಹೋದ ಮ್ಯಾಲೆ ಎಳ್ಳುಂಡಿ ತಗೊಂಡು ಬಂದು ನನ್ನ ಹತ್ರ ಇರೋ ಕೀಲಿಲೆ ಬಾಗಲಾ ತೆಗೆದೆ. ನಾಡಿದ್ದು ಕೊಲ್ಲೋಳು ನಾನ ಅಲ್ರೀ? ತುಣುಕು ಕೊಟ್ರ ನಾಳಿಗೆ ಕರಗೀತು ಅನ್ಕೊಂಡೆ. ಇಷ್ಟು ವರ್ಷ ಇದನ್ನ ಓದಿ, ಅಷ್ಟೂ ತಿಳೀಲಿಲ್ಲ."

"ಹಂಗಾರ ನನ್ನ ಹೆಸರ್ಯಾಕ ಹೇಳಿದ್ರಿ?" ಪಕ್ಕೀರಮ್ಮ ದನಿ ಏರಿಸಲಿಲ್ಲ.

"ನಾಚಿಕಿ ಆತು. ಇದನ್ನ ಮಾಡಿದೋಳು ನಾನು ಅಂದ್ರ ಜನ ಏನಂದಾರು ಅಂತ. ನೀನು ಮಾಡೀ ಅಂದ್ರ ಎಲ್ಲಾರೂ ನಂಬ್ತಾರ ಅಂತ ಗೊತ್ತಿತ್ತು." ಪುಷ್ಪಲತಾ ಎದ್ದು ಪತ್ರವನ್ನು ಹರಿದರು. "ತಪ್ಪಾತು ಪಕ್ಕೀರಮ್ಮ. ನಾಳಿಂದ ಎಂದಿನಂಗ ಬಾ."

"ಹರಿದ್ರ ಆತೇನ್ರಿ? ನಾನು ಕೆಡಿಸೀನಿ ಅಂತ ಕಾಗದದಾಗ ಬರದ್ರಿ, ಎಲ್ಲಾರ ಮುಂದ ಓದಿದ್ರಿ. ಯಾರು ಕೆಡಿಸಿದ್ರು ಅಂತಾನೂ ಕಾಗದದಾಗ ಬರ್ಲಿ. ವಿಶ್ವವಿದ್ಯಾಲಯಕ್ಕೂ ಹೋಗ್ಲಿ."

ಪುಷ್ಪಲತಾ ಕುರ್ಚಿಗೆ ಮರಳಿ ಕೂತರು. ಅಂಥ ಪತ್ರ ಹೋದರೆ ಮುಖ್ಯಸ್ಥೆಯ ಕುರ್ಚಿ ಉಳಿಯುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ಬರ್ಕೋ ಪಾಲಣ್ಣ," ಎಂದರು. ತಮ್ಮ ಹೆಸರನ್ನು ಹುದ್ದೆಯ ಸಮೇತ, ಅಕ್ಷರ ತಪ್ಪದಂತೆ ಹೇಳಿದರು.

ಪಾಲಣ್ಣ ಬರೆದುಕೊಂಡ. ಬರೆದು ಮುಗಿದರೂ ಪೆನ್ನು ಮುಚ್ಚಲಿಲ್ಲ. ಬ್ಲೇಡು ಹೊಸದೆಂದು ಈ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿದ್ದವನು ಅವನು. ಹೊಸ ಬ್ಲೇಡು ಮೊಂಡಾಗುವುದು ಹೇಗೆಂದು ಬೆಳಿಗ್ಗೆಯೇ ಒಂದು ಮಾತು ಕೇಳಬಹುದಿತ್ತು. ತನ್ನ ತಪ್ಪು ಹೊರಬಿದ್ದೀತೆಂಬ ಹೆದರಿಕೆಗೆ ಬಾಯಿ ಮುಚ್ಚಿಕೊಂಡು, ಒಬ್ಬಳ ಅನ್ನ ಕಸಿಯುವ ಪತ್ರವನ್ನು ಅಚ್ಚುಕಟ್ಟಾಗಿ ಟೈಪು ಮಾಡಿ ಕೊಟ್ಟಿದ್ದ.

"ಮೇಡಂ, ಕೆಳಗ ಇನ್ನೊಂದು ಸಾಲು ಸೇರಸ್ಲೇನ್ರಿ?"

"ಏನಂತ?"

"ಬ್ಲೇಡು ಹೊಸಾವು ಅಂತ ಗುಮಾಸ್ತ ಪಾಲಣ್ಣಗ ಗೊತ್ತಿತ್ತು. ಅಂವ ಸುಮ್ನಿದ್ದ ಅಂತ."

ಪಕ್ಕೀರಮ್ಮ ಬಾಗಿಲು ಬಿಟ್ಟು ಒಳಬಂದು, ಕುರ್ಚಿ ಎಳೆದುಕೊಂಡು ಕೂತಳು.

"ಬರಿ," ಎಂದಳು. "ಬರದು ಎಲ್ಲಾರ ಮುಂದ ಒಮ್ಮಿ ಓದು."